ಹರವು ಮತ್ತು ನೆಲೆ

ಈ ಸಂಪುಟದ ಸಂಪಾದಕ ಮಿತ್ರರು ಕನ್ನಡದ ಬಡಗಣ ಎಲ್ಲೆಯನ್ನು ಕುರಿತು ಒಂದು ಸಂಶೋಧನ ಲೇಖನವನ್ನು ಬರೆದುಕೊಡಬೇಕೆಂದು ಕೇಳಿದ್ದರು. ನಾನು ಕಳುಹಿಸುತ್ತಿರುವುದು ಒಂದು ಕಾಡುಹೂವನ್ನು ಕುರಿತ ಬರೆಹ. ವಿಷಯವನ್ನು ತಪ್ಪಿಸಿಕೊಂಡೆನೆಂದು ಅವರು ಭಾವಿಸಬಾರದು. ಆ ಎಲ್ಲೆಯ ವಿಚಾರವಾಗಿ ನಾನು ಒಮ್ಮೆ ಮಾಡಿದ ತಪ್ಪೊಂದನ್ನು ನನಗೆ ತೋರಿಸಿಕೊಟ್ಟದ್ದು ಆ ಹೂವೇ ಆದುದರಿಂದ, ಅದನ್ನು ಬಿಟ್ಟು ಎಲ್ಲೆಯ ಮಾತನ್ನು ಆಡುವುದು ನನ್ನಿಂದ ಸಾಧ್ಯವಾಗಲಿಲ್ಲ.

ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. 1997ರಲ್ಲಿ ನಾನು ಸಲ್ಲಿಸಿದ ಪಿಎಚ್.ಡಿ. ಮಹಾಪ್ರಬಂಧದಲ್ಲಿ ಸ್ಥಳನಾಮಗಳ ಮೇಲೊಂದು ಅಧ್ಯಾಯವಿದೆ. ಆಗಿನ ಔರಂಗಾಬಾದ್ ಜಿಲ್ಲೆಯಲ್ಲಿ 'ಕನ್ನಡ' ಎಂಬ ಹೆಸರಿನ ಒಂದು ತಾಲ್ಲೂಕು, ಅದೇ ಹೆಸರಿನ ಒಂದು ಊರು ಇರುವ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಅದನ್ನು ಹಿಡಿದುಕೊಂಡು ನಾನು, ಗೋದಾವರಿಯ ಆಚೆಗೂ ಒಂದು ಕಾಲಕ್ಕೆ ಕನ್ನಡ ಜನವಸತಿ ಇತ್ತೆಂಬುದಕ್ಕೆ ಈ ಹೆಸರೇ ನಿರ್ವಿವಾದವಾದ ಸಾಕ್ಷಿ ಎಂದು ಬರೆದಿದ್ದೆ. ಶಂ. ಬಾ. ಜೋಶಿಯವರ 'ಕನ್ನಡದ ನೆಲೆ'ಯನ್ನು ಓದಿದ ಬಿಸಿ ಇನ್ನೂ ಆರಿರದ ವಯಸ್ಸು ಅದು. ಶಂಬಾ ಅವರ ದಿಟ್ಟತನ ನಮಗೆ ಬೇಗ ಅಂಟಿಕೊಳ್ಳುತ್ತಿತ್ತು, ಅವರ ಬೆವರು ಅಷ್ಟು ಬೇಗ ಅಂಟುತ್ತಿರಲಿಲ್ಲ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯ ವಿದ್ವಾಂಸರು ಆ ಪುಟವನ್ನು ತೆರೆದು, ಕನ್ನಡಕವನ್ನು ಹಣೆಗೇರಿಸಿ, ಬಹಳ ಮೆಲ್ಲಗೆ ಕೇಳಿದರು: "ಕನ್ನಡಕ್ಕೆ ಹೋಗಿದ್ದಿರೇನು?" ಮೊದಲಿಗೆ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ, "ನಕ್ಷೆಯಲ್ಲಿ ನೋಡಿದ್ದೇನೆ ಸರ್" ಎಂದೆ. ಅವರು ನಕ್ಕು ಪುಟ ತಿರುವಿದರು. ಪದವಿ ಬಂತು.

ಆ ವಾಕ್ಯ ಮಾತ್ರ ಅಲ್ಲಿಯೇ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಸಂತಾನವನ್ನೂ ಪಡೆಯಿತು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನನ್ನ ಮುಂದೆಯೇ ಬಂದ ಎರಡು ಎಂ.ಫಿಲ್. ಪ್ರಬಂಧಗಳಲ್ಲಿಯೂ ಒಂದು ವಿಚಾರಸಂಕಿರಣದ ಪ್ರಬಂಧದಲ್ಲಿಯೂ ಅದನ್ನು ಕಂಡಿದ್ದೇನೆ. ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಗೌರವಪೂರ್ವಕವಾಗಿ ಇತ್ತು. ತಿದ್ದಬಹುದಿತ್ತು. ಮಾರ್ಗದರ್ಶಕನ ಕುರ್ಚಿಯಲ್ಲಿ ಕುಳಿತವನಿಗೆ ತನ್ನ ಹೆಸರಿರುವ ಅಡಿಟಿಪ್ಪಣಿಯನ್ನು ಹೊಡೆದುಹಾಕುವುದು ಎಷ್ಟು ಕಷ್ಟವೆಂಬುದು ಆ ಕುರ್ಚಿಯಲ್ಲಿ ಕುಳಿತವರಿಗೇ ಗೊತ್ತು.

2023ರ ಸೆಪ್ಟೆಂಬರಿನಲ್ಲಿ, ನಮ್ಮ ಸಸ್ಯಶಾಸ್ತ್ರ ವಿಭಾಗದ ಗೆಳೆಯರೊಬ್ಬರು ನಾಸಿಕದ ಕಡೆ ಹೊರಟಿದ್ದರು. ಅಂಜನೇರಿ ಬೆಟ್ಟದಲ್ಲಿ ಹೂ ಬಿಡುವ ಒಂದು ಗಿಡವನ್ನು ನೋಡಬೇಕು, ಮಳೆ ಹಿಂದೆ ಸರಿದರೆ ಆ ಗಿಡ ನೆಲದ ಮೇಲೆ ಇರುವುದಿಲ್ಲ, ಬರುತ್ತೀರಾ ಎಂದರು. ಗಿಡಕ್ಕಾಗಿ ಹೋಗುವವನು ನಾನಲ್ಲ. ಅಂಜನೇರಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ನೆನಪಾದದ್ದು ಅಲ್ಲಿನ ಸೇವುಣರ ಶಾಸನ. ಹಿಂದಿರುಗುವಾಗ ಕನ್ನಡದ ದಾರಿಯಲ್ಲಿ ಬರೋಣ ಎಂಬ ಕರಾರು ಹಾಕಿ ಒಪ್ಪಿದೆ. ಅವರು ಚಾಲಕರೂ ಆಗಿದ್ದುದರಿಂದ ಈ ಕರಾರು ಅವರಿಗೇನೂ ಹೊರೆಯಾಗಲಿಲ್ಲ. ವಿಜಯಪುರ, ಸೊಲ್ಲಾಪುರಗಳನ್ನು ಹಾದು ಧುಳೆಯತ್ತ ಸಾಗುವ 52ನೆಯ ರಾಷ್ಟ್ರೀಯ ಹೆದ್ದಾರಿ ಕನ್ನಡ ಊರಿನ ಮೇಲೆಯೇ ಹೋಗುತ್ತದೆ ಎಂಬುದು ನನಗೆ ಗೊತ್ತಾದದ್ದೂ ಆಗಲೇ. ನಮ್ಮ ಬಾಗಿಲ ಮುಂದಿನ ರಸ್ತೆ ಅದು. ನಾನು ಹೋಗಿರಲಿಲ್ಲ, ಅಷ್ಟೆ.

ಗೆಳೆಯರು ಹುಡುಕಿಕೊಂಡು ಹೊರಟಿದ್ದ ಗಿಡದ ಶಾಸ್ತ್ರೀಯ ನಾಮ ಸೆರೊಪೀಜಿಯ ಅಂಜನೇರಿಕ. ಮಾಲ್ಪುರೆ, ಕಾಂಬಳೆ, ಯಾದವ ಎಂಬ ಮೂವರು ಸಸ್ಯವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ಗುರುತಿಸಿ, ಕ್ಯೂ ಉದ್ಯಾನದ ಪತ್ರಿಕೆಯ 2009ರ ಸಂಪುಟದಲ್ಲಿ ವರ್ಣಿಸಿದರು. ಇವರಲ್ಲಿ ಎಸ್. ಆರ್. ಯಾದವರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಈ ಕುಲದ ಸಸ್ಯಗಳ ಶೋಧ ಮತ್ತು ರಕ್ಷಣೆಗಾಗಿ ದಶಕಗಳ ಕಾಲ ದುಡಿದವರು. ಪ್ರಕಟವಾದಾಗ ಈ ಗಿಡ ತಿಳಿದಿದ್ದುದು ಅಂಜನೇರಿ ಬೆಟ್ಟಸಾಲಿನಿಂದ ಮಾತ್ರ. ಬೆಟ್ಟದ ಹೆಸರೇ ಗಿಡದ ಹೆಸರಾಯಿತು.

ಎಕ್ಕದ ಗಿಡದ ನೆಂಟಸ್ತಿಕೆಯ ಈ ಕುಲಕ್ಕೆ ಮರಾಠಿಯಲ್ಲಿ 'ಕಂದೀಲಪುಷ್ಪ' ಎಂದೂ 'ಖರ್ಪುಡಿ' ಎಂದೂ ಹೆಸರುಗಳಿವೆ. ದಾರಿಯುದ್ದಕ್ಕೂ ಗೆಳೆಯರು ಗಿಡದ ಮಾತನಾಡುತ್ತಿದ್ದರೆ ನಾನು ಕಂದೀಲಿನ ಹಿಂದೆ ಬಿದ್ದಿದ್ದೆ. ನಮ್ಮ ಮನೆಯ ಪಡಸಾಲೆಯಲ್ಲಿ ಮೊಳೆಗೆ ತೂಗುಬಿದ್ದಿರುತ್ತಿದ್ದ ಕಂದೀಲು ಬಂದದ್ದು ಅರಬ್ಬಿಯ 'ಕಿಂದೀಲ್' ಶಬ್ದದಿಂದ. ಅರಬ್ಬಿಗೆ ಅದು ಬಂದದ್ದು ಗ್ರೀಕಿನ ಮೂಲಕ ಲ್ಯಾಟಿನ್ನಿನ 'ಕಾಂದೇಲ'ದಿಂದ. ಇತ್ತ ಡಚ್ಚರ ಕೊಚ್ಚಿಯ ಅಧಿಪತಿ ವಾನ್ ರೀಡ್ ಮಲೆಯಾಳದ ಸಸ್ಯಗಳ ಬಗೆಗೆ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ 'ಹೋರ್ಟುಸ್ ಮಲಬಾರಿಕುಸ್' ಗ್ರಂಥದಲ್ಲಿ ಈ ಕುಲದ ಒಂದು ಬಳ್ಳಿಯ ಚಿತ್ರವಿದೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ವೈದ್ಯರ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿಗರು ಇದ್ದರು. ಆ ಚಿತ್ರವನ್ನು ಆಧರಿಸಿ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಸೆರೊಪೀಜಿಯ ಕ್ಯಾಂಡೆಲಾಬ್ರಮ್. ಕುಲನಾಮಕ್ಕೆ ಗ್ರೀಕಿನಲ್ಲಿ ಮೇಣದ ಚಿಲುಮೆ ಎಂದು ಅರ್ಥ. ಕ್ಯಾಂಡೆಲಾಬ್ರಮ್ ಎಂದರೆ ದೀಪಗಂಬ. ಅದರ ಮೂಲವೂ ಅದೇ 'ಕಾಂದೇಲ'. ಸ್ವೀಡನ್ನಿನ ಪಂಡಿತನೊಬ್ಬನೂ ಸಹ್ಯಾದ್ರಿಯ ದನಗಾಹಿಗಳೂ ಪರಸ್ಪರ ಗೊತ್ತಿಲ್ಲದೆ ಒಂದೇ ಹೂವನ್ನು ನೋಡಿ, ಒಂದೇ ಲ್ಯಾಟಿನ್ ಶಬ್ದದ ಎರಡು ಕವಲುಗಳಿಂದ ಅದಕ್ಕೆ ಹೆಸರಿಟ್ಟಿದ್ದಾರೆ! ಇದನ್ನು ನಾನು ಸಂಭ್ರಮದಿಂದ ಹೇಳಿದಾಗ ಗೆಳೆಯರು, "ಹೂ ನೋಡಿದ ಮ್ಯಾಲೆ ಇನ್ನೂ ಖುಷಿ ಆಗ್ತೀರಿ ಸರ" ಎಂದಷ್ಟೇ ಅಂದರು.

ಭಾರತದಲ್ಲಿ ಈ ಕುಲದ ಐವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. 1984ರಲ್ಲಿ ಎಂ. ವೈ. ಅನ್ಸಾರಿಯವರು ಇವುಗಳನ್ನೆಲ್ಲ ಪರಿಷ್ಕರಿಸಿ ಪ್ರಕಟಿಸಿದ ಹೊತ್ತಗೆಯನ್ನು ಗೆಳೆಯರು ನಾವು ಪರಿಷತ್ತಿನ ನಿಘಂಟನ್ನು ಆಶ್ರಯಿಸುವಂತೆ ಆಶ್ರಯಿಸುತ್ತಾರೆ. ಕೆಲವು ಬಳ್ಳಿಗಳು, ಇನ್ನು ಕೆಲವು ಹುಲ್ಲಿನ ನಡುವೆ ನೆಟ್ಟಗೆ ನಿಲ್ಲುವ ಗಿಡಗಳು. ನೆಟ್ಟಗೆ ನಿಲ್ಲುವವುಗಳಲ್ಲಿ ಹಲವು ಉತ್ತರ ಸಹ್ಯಾದ್ರಿಯ ಒಂದೋ ಎರಡೋ ಬೆಟ್ಟಗಳನ್ನು ಬಿಟ್ಟು ಬೇರೆಡೆ ಬೆಳೆಯುವುದಿಲ್ಲ. ನೆಲದೊಳಗೆ ಒಂದು ಗೆಡ್ಡೆ. ವರ್ಷದ ಹೆಚ್ಚು ತಿಂಗಳು ಗಿಡವೆಂದರೆ ಆ ಗೆಡ್ಡೆಯೇ. ಮುಂಗಾರಿನಲ್ಲಿ ಚಿಗುರಿ, ಶ್ರಾವಣ ಭಾದ್ರಪದಗಳಲ್ಲಿ ಹೂ ಬಿಟ್ಟು, ಕಾಯಿ ಒಡೆದು ರೇಷ್ಮೆಯಂತಹ ಕುಚ್ಚುಳ್ಳ ಬೀಜಗಳನ್ನು ಗಾಳಿಗೆ ಬಿಟ್ಟು, ಮತ್ತೆ ಇಲ್ಲವಾಗುತ್ತದೆ. ಫಾಲ್ಗುಣದಲ್ಲಿ ಬೆಟ್ಟ ಹತ್ತಿದವನು ಇಲ್ಲಿ ಇಂಥ ಗಿಡವೇ ಇಲ್ಲ ಎಂದು ಬರೆದರೆ ಅವನು ಸುಳ್ಳನೇನಲ್ಲ, ಆದರೆ ಬರೆದದ್ದು ತಪ್ಪು. ಹೂಕರನು 1883ರಲ್ಲಿ ವರ್ಣಿಸಿದ ಸೆರೊಪೀಜಿಯ ಲಾಯಿ ಎಂಬ ಪ್ರಭೇದ ಹೀಗೆಯೇ ದಶಕಗಟ್ಟಲೆ ಕಣ್ಮರೆಯಾಗಿದ್ದು ಆಮೇಲೆ ಹರಿಶ್ಚಂದ್ರಗಡದಲ್ಲಿ ಮತ್ತೆ ಸಿಕ್ಕಿತಂತೆ. ನಮ್ಮ ಹಸ್ತಪ್ರತಿಗಳಿಗೂ ಇಂಥ ಚರಿತ್ರೆಗಳುಂಟು.

ಅಂಜನೇರಿ ನಾಸಿಕದಿಂದ ತ್ರ್ಯಂಬಕಕ್ಕೆ ಹೋಗುವ ದಾರಿಯಲ್ಲಿ, ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಎತ್ತರ ಸುಮಾರು 4,200 ಅಡಿ. ಪಕ್ಕದ ಬ್ರಹ್ಮಗಿರಿಯಲ್ಲಿ ಗೋದಾವರಿ ಹುಟ್ಟುತ್ತದೆ. 'ಕವಿರಾಜಮಾರ್ಗ'ವನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೆ, ಮೋಡದ ನಡುವೆ ಆ ಬೆಟ್ಟ ಕಂಡಾಗ ಏನನ್ನಿಸಿತೆಂಬುದನ್ನು ಕನ್ನಡ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನಾಡಿನ ಬಡಗಣ ಗಡಿಯೆಂದು ಒಂಬತ್ತನೆಯ ಶತಮಾನದಲ್ಲಿ ಹೆಸರಿಸಿದ ನದಿಯ ತಾಯಿಮನೆ ಅದು.

ಮೆಟ್ಟಿಲುಗಳನ್ನು ಹತ್ತಿ ಬಯಲಿಗೆ ಬಂದೆವು. ಬಂಡೆಯ ಮೇಲೆ ಗೇಣುದ್ದದ ಮಣ್ಣು, ಆ ಮಣ್ಣಿನ ತುಂಬ ಹುಲ್ಲು ಮತ್ತು ಹೆಸರು ತಿಳಿಯದ ಪುಟ್ಟ ಹೂಗಳು. ಗೆಳೆಯರು ದಾರಿ ಬಿಟ್ಟು ಒಂದು ಕಡೆ ತಿರುಗಿದರು. ಯಾವ ಕಡೆ ಎಂಬುದನ್ನು ಬರೆಯಬಾರದೆಂದು ಅವರಿಗೆ ಮಾತು ಕೊಟ್ಟಿದ್ದೇನೆ. ಎರಡು ಗಂಟೆ ಹುಡುಕಿದೆವು. ಅವರು ಹುಡುಕಿದರು, ನಾನು ಕಾಲಿಡುವ ಮೊದಲು ನೆಲ ನೋಡಿಕೊಳ್ಳುವುದನ್ನು ಕಲಿತೆ. ಕೊನೆಗೆ ಅವರು ಮಂಡಿಯೂರಿ ಕೈ ಬೀಸಿ ಕರೆದಾಗ ಹೋಗಿ ನೋಡಿದರೆ, ಹುಲ್ಲಿಗಿಂತ ಹೆಚ್ಚು ಎತ್ತರವಿಲ್ಲದ ಒಂದು ಗಿಡ, ಅದರಲ್ಲಿ ಎರಡು ಹೂ. ಬುಡದಲ್ಲಿ ಉಬ್ಬಿದ ಸಣ್ಣ ಕೊಳವೆ. ಮೇಲೆ ಐದು ಎಸಳುಗಳು ಬಿಡಿಯಾಗಿ ಅರಳದೆ ತುದಿಯಲ್ಲಿ ಕೂಡಿಕೊಂಡು ಪಂಜರದಂತಾಗಿವೆ. ಕಂದೀಲೇ ಸರಿ.

ಆ ಕೊಳವೆಯ ಕೆಲಸವನ್ನು ಗೆಳೆಯರು ಅಲ್ಲಿಯೇ ಕುಳಿತು ವಿವರಿಸಿದರು. ಹೂವಿನ ವಾಸನೆಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ನೊಣಗಳು ಬಂದು ಪಂಜರದ ಕಂಡಿಗಳಲ್ಲಿ ಇಳಿಯುತ್ತವೆ. ಕೊಳವೆಯ ಒಳಗೋಡೆ ಜಾರುತ್ತದೆ, ಅಲ್ಲಿರುವ ಕೂದಲುಗಳೆಲ್ಲ ಕೆಳಮುಖವಾಗಿವೆ. ಒಳಕ್ಕೆ ಹೋಗುವವರಿಗೆ ದಾರಿ, ಹೊರಕ್ಕೆ ಬರುವವರಿಗೆ ಬೇಲಿ. ನೊಣ ಬುಡದ ಉಬ್ಬಿನಲ್ಲಿ ಸೆರೆಯಾಗಿ ಸುತ್ತುತ್ತದೆ. ಬೇರೆ ಹೂವಿನಿಂದ ಅಂಟಿಸಿಕೊಂಡು ಬಂದಿದ್ದ ಪರಾಗದ ಗಂಟನ್ನು ಇಲ್ಲಿ ಕಳೆದುಕೊಂಡು ಇಲ್ಲಿನದನ್ನು ಹೊತ್ತುಕೊಳ್ಳುತ್ತದೆ. ಕೂದಲುಗಳು ಬಾಡಿ ಹೂ ಬಾಗಿದಾಗ ಬಿಡುಗಡೆ. ನೊಣಕ್ಕೆ ಕೇಡಿಲ್ಲ, ಹೊತ್ತು ಹೋದದ್ದಷ್ಟೇ. ಮೌಖಿಕ ಪರೀಕ್ಷೆಯನ್ನು ಎದುರಿಸಿದ ಯಾರಿಗಾದರೂ ಈ ವ್ಯವಸ್ಥೆ ಪರಿಚಿತವೆನಿಸೀತು.

ಬೆರಳು ತಾಗಿಸಿ ನೋಡುವ ಆಸೆಯಾಗಿ ಕೈ ಚಾಚಿದೆ. "ಮುಟ್ಟಬ್ಯಾಡ್ರಿ ಸರ" ಎಂದರು. ಅವರ ದನಿ ಎಂದಿನದಾಗಿರಲಿಲ್ಲ. ಹಿಂದಿನ ಬೆಟ್ಟದ ಗುರುತು ಸಿಗದಂತೆ ಹತ್ತಿರದಿಂದ ಎರಡು ಚಿತ್ರ ತೆಗೆದು, ನಾವು ಮಲಗಿಸಿದ್ದ ಹುಲ್ಲನ್ನು ಕೈಯಿಂದ ನೇವರಿಸಿ ಎತ್ತಿ ನಿಲ್ಲಿಸಿದರು. ಅಪರೂಪದ ಗಿಡಕ್ಕೆ ದನದ ಬಾಯಿ, ಬೇಸಿಗೆಯ ಕಾಡ್ಗಿಚ್ಚು, ಚಾರಣಿಗರ ಬೂಟು ಎಷ್ಟು ಶತ್ರುವೋ ಅದನ್ನು ಪ್ರೀತಿಸುವವರೂ ಅಷ್ಟೇ ಶತ್ರು ಎಂಬುದನ್ನು ನಾನು ತಿಳಿದದ್ದು ಆಗ. ಬೆಟ್ಟವೊಂದರ ಹೆಸರು ಪತ್ರಿಕೆಯಲ್ಲಿ ಅಚ್ಚಾದೊಡನೆ ಸಂಗ್ರಾಹಕರು ಗುದ್ದಲಿ ಹಿಡಿದು ಹೊರಡುತ್ತಾರಂತೆ.

ಅಳಿವಿನ ಅಂಚನ್ನು ಅಳೆಯುವುದು ಹೇಗೆ ಎಂಬ ನನ್ನ ಪ್ರಶ್ನೆಗೆ ಅಂದು ಸಂಜೆ ನಾಸಿಕದ ವಸತಿಗೃಹದಲ್ಲಿ ದೊರೆತ ಉತ್ತರವೇ ಈ ಬರೆಹದ ಹುರುಳು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಒಂದು ಜೀವಿಯ ಭೂವ್ಯಾಪ್ತಿಯನ್ನು ಎರಡು ಬಗೆಯಲ್ಲಿ ಅಳೆಯುತ್ತದೆ. ಅದು ಕಂಡುಬಂದ ಎಲ್ಲ ಸ್ಥಳಗಳಲ್ಲಿ ಹೊರಗಿನ ಅಂಚಿನವನ್ನು ಗೆರೆಗಳಿಂದ ಸೇರಿಸಿದರೆ ಸಿಗುವ ಕ್ಷೇತ್ರ ಒಂದು. ಇದನ್ನು ನಾನು 'ಹರವು' ಎಂದು ಕರೆದುಕೊಂಡಿದ್ದೇನೆ. ಆ ಗೆರೆಯೊಳಗೆ ಎರಡು ಕಿಲೋಮೀಟರ್ ಉದ್ದಗಲದ ಚೌಕಗಳನ್ನು ಹಾಕಿ, ಜೀವಿ ನಿಜವಾಗಿ ವಾಸವಾಗಿರುವ ಚೌಕಗಳನ್ನು ಮಾತ್ರ ಎಣಿಸಿದರೆ ಸಿಗುವುದು ಇನ್ನೊಂದು. ಇದಕ್ಕೆ 'ನೆಲೆ' ಎನ್ನೋಣ. ಹರವು 100 ಚದರ ಕಿಲೋಮೀಟರಿಗಿಂತ ಅಥವಾ ನೆಲೆ 10 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ಇರುವ ತಾಣ ಒಂದೇ ಆಗಿ ಅದೂ ಕ್ಷೀಣಿಸುತ್ತಿದ್ದರೆ, ಅದು ತೀವ್ರ ಅಪಾಯದ ಅಂಚಿನಲ್ಲಿದೆ ಎಂದು ಅರ್ಥ. ಹರವು 5,000ಕ್ಕಿಂತ, ನೆಲೆ 500ಕ್ಕಿಂತ ಕಡಿಮೆಯಾದರೆ ಅದರ ಮೇಲಿನ ದರ್ಜೆ. ಅಂಜನೇರಿಯ ಗಿಡವನ್ನು ಸಸ್ಯತಜ್ಞರು ತೀವ್ರ ಅಪಾಯದ ಅಂಚಿನದೆಂದೇ ಎಣಿಸುತ್ತ ಬಂದಿದ್ದಾರೆ. ಹರವು ದೊಡ್ಡದಿದ್ದು ನೆಲೆ ಚಿಕ್ಕದಾಗಿರುವ ಜೀವಿಗಳೇ ನಮ್ಮನ್ನು ಮೋಸಗೊಳಿಸುವುದು ಎಂದರು ಗೆಳೆಯರು. ನಕ್ಷೆಯಲ್ಲಿ ಅರ್ಧ ದೇಶಕ್ಕೆ ಬಣ್ಣ ಬಳಿದಿರುತ್ತಾರೆ, ಹೋಗಿ ನೋಡಿದರೆ ನಾಲ್ಕು ಪೊದೆಗಳಲ್ಲಿ ಮಾತ್ರ ಇರುತ್ತದೆ.

ನಾನು ನಿದ್ದೆ ಮಾಡಲಿಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ಎಂಬುದು ಹರವು. ಅದೇ ಗ್ರಂಥ ತಿರುಳ್ಗನ್ನಡದ ನಾಡೆಂದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪುಟ್ಟ ಪ್ರದೇಶವನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆಯಲ್ಲ, ಅದು ನೆಲೆಯ ಕಡೆಗಿನ ಮಾತು. ಒಂಬತ್ತನೆಯ ಶತಮಾನದ ಲೇಖಕನಿಗೆ ಈ ಎರಡೂ ಬೇರೆ ಬೇರೆ ಎಂಬ ಎಚ್ಚರವಿತ್ತು. ನಾವು ಭಾಷಣಗಳಲ್ಲಿ ಮೊದಲನೆಯದನ್ನು ಮಾತ್ರ ಎತ್ತಿ ಆಡುತ್ತೇವೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕನ್ನಡ ಪ್ರಶಸ್ತಿಯೊಂದು ಮಧ್ಯಪ್ರದೇಶದ ಮೈಹರದ ಬಳಿ ಜೂರಾದಲ್ಲಿ ದೊರೆತಿದೆ. ಅದನ್ನು ಹೊರ ಅಂಚಿನ ಬಿಂದುವೆಂದು ಗೆರೆ ಎಳೆದರೆ ವಿಂಧ್ಯದ ಆಚೆಗೂ ಕನ್ನಡನಾಡು ಹಬ್ಬುತ್ತದೆ. ಗೆರೆ ಸುಳ್ಳಲ್ಲ, ಶಾಸನ ನಿಜವಾಗಿ ಅಲ್ಲಿತ್ತು. ಆದರೆ ದಂಡಿನ ಜೊತೆ ಹೋದ ಭಾಷೆಯನ್ನು ನೆಲದಲ್ಲಿ ಬೇರೂರಿದ ಭಾಷೆಯೆಂದು ಎಣಿಸಲಾಗದು. ಗೋವಿಂದ ಮೂರನೆಯವನ ತಾಮ್ರಪಟಗಳಲ್ಲಿ ಬರುವ ಮಯೂರಖಂಡಿಯನ್ನು ಬ್ಯೂಲರ್ ನಾಸಿಕ ಜಿಲ್ಲೆಯ ಮಾರ್ಕಿಂಡ ಕೋಟೆಯೆಂದು ಗುರುತಿಸಿದ. ಬಸವಕಲ್ಯಾಣದ ಬಳಿಯ ಮೋರಖಂಡಿ ಎಂದು ಬೇರೆಯವರು ವಾದಿಸಿದರು. ಇಲ್ಲಿಯೂ ಇರುವುದು ಹೆಸರಿನ ಹೋಲಿಕೆಯೇ. ನಮ್ಮ ಒಲವು ಯಾವ ಕಡೆಗೋ ಹೋಲಿಕೆ ಆ ಕಡೆಗೆ ಗಟ್ಟಿಯಾಗಿ ಕಾಣುತ್ತದೆ.

ಮರುದಿನ ಅಂಜನೇರಿಯ ಬುಡದಲ್ಲಿ ಚೆದುರಿರುವ ಪಾಳು ದೇಗುಲಗಳನ್ನು ನೋಡಿದೆವು. ಶಕ 1063ರ, ಎಂದರೆ ಸುಮಾರು 1142ರ ಶಾಸನ ಇಲ್ಲಿಯದು. ಸೇವುಣಚಂದ್ರನ ಕಾಲದಲ್ಲಿ ಚಂದ್ರಪ್ರಭ ಜಿನಾಲಯಕ್ಕೆ ಕೊಟ್ಟ ದಾನವನ್ನು ಅದು ಹೇಳುತ್ತದೆ. ಇಂಡಿಯನ್ ಆಂಟಿಕ್ವರಿಯ ಹನ್ನೆರಡನೆಯ ಸಂಪುಟದಲ್ಲಿ, 1883ರಲ್ಲಿ, ಅದು ಪ್ರಕಟವಾಯಿತು. ಹೂಕರನ ಹೂವಿನ ವರ್ಷವೂ ಅದೇ ಎಂಬುದು ಕೇವಲ ಕಾಕತಾಳೀಯ. ಸೇವುಣರು ನಮಗೆ ಹೊರಗಿನವರಲ್ಲ. ನಾಸಿಕ ಜಿಲ್ಲೆಯ ಸಿನ್ನರಿನಿಂದ ದೇವಗಿರಿಗೆ ಹೋದ ಈ ಮನೆತನದ ಶಾಸನಗಳಲ್ಲಿ ದೊಡ್ಡ ಪಾಲು ಕನ್ನಡದಲ್ಲಿವೆ. ಆದರೆ ಅವು ಇರುವುದು ಹೆಚ್ಚಾಗಿ ಇಂದಿನ ಕರ್ನಾಟಕದಲ್ಲಿ. ಅಂಜನೇರಿಯ ಶಾಸನದ ಭಾಷೆ ಸಂಸ್ಕೃತ. ಪ್ರಬಂಧ ಬರೆಯುವಾಗ ಈ ಸಂಗತಿ ನನಗೆ ತಿಳಿದಿರಲಿಲ್ಲವೆಂದಲ್ಲ. ಅದನ್ನು ಉಲ್ಲೇಖಿಸುವ ಅಗತ್ಯ ಆಗ ಕಂಡುಬಂದಿರಲಿಲ್ಲ.

ಬೆಟ್ಟದ ಈಗಿನ ಪಾಡನ್ನೂ ಹೇಳಬೇಕು. ಅಂಜನೇರಿ ಹನುಮಂತನ ಜನ್ಮಸ್ಥಳವೆಂಬುದು ಅಲ್ಲಿಯವರ ನಂಬಿಕೆ. ನಮ್ಮ ಆನೆಗೊಂದಿಯ ಅಂಜನಾದ್ರಿಯೂ ಅದೇ ಹಕ್ಕನ್ನು ಸಾಧಿಸುತ್ತದೆ, 2021ರಲ್ಲಿ ತಿರುಪತಿಯವರೂ ತಮ್ಮದೊಂದು ಅಂಜನಾದ್ರಿಯನ್ನು ಮುಂದೊಡ್ಡಿದರು. 2022ರಲ್ಲಿ ನಾಸಿಕದಲ್ಲಿ ಈ ಕುರಿತು ಒಂದು ಶಾಸ್ತ್ರಾರ್ಥ ಸಭೆಯೇ ನಡೆದು, ಆಸನ ಯಾರದು ಎತ್ತರ ಎಂಬಲ್ಲಿಂದ ಶುರುವಾಗಿ ಗದ್ದಲದಲ್ಲಿ ಮುಗಿಯಿತು. ಹನುಮಂತ ಎಲ್ಲಿ ಹುಟ್ಟಿದನೆಂಬುದನ್ನು ನಾನು ತೀರ್ಮಾನಿಸಲಾರೆ. ಆ ಗಿಡ ಎಲ್ಲಿ ಹುಟ್ಟುತ್ತದೆಂಬುದರಲ್ಲಿ ಮಾತ್ರ ವಿವಾದವಿಲ್ಲ. ಭಕ್ತರ ಅನುಕೂಲಕ್ಕೆಂದು ಬೆಟ್ಟದ ಮೇಲೆ ವಾಹನ ಹೋಗುವ ರಸ್ತೆಯ ಮಾತು 2021ರಲ್ಲಿ ಎದ್ದಿತು. 2024ರಲ್ಲಿ ಬ್ರಹ್ಮಗಿರಿಯಿಂದ ಅಂಜನೇರಿಗೆ ಹಗ್ಗದ ಹಾದಿಯ ಯೋಜನೆ ಮುಂದೆ ಬಂತು. ಇಲ್ಲಿನ ಬಂಡೆಗಳಲ್ಲಿ ಗೂಡು ಕಟ್ಟುವ ರಣಹದ್ದುಗಳನ್ನೂ ಈ ಹೂವನ್ನೂ ಮುಂದಿಟ್ಟು ನಾಸಿಕದ ಪರಿಸರಾಸಕ್ತರು ಎರಡನ್ನೂ ವಿರೋಧಿಸಿದರು. 2017ರಲ್ಲಿಯೇ ಸರ್ಕಾರ ಅಂಜನೇರಿಯನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ಅದರ ವಿಸ್ತೀರ್ಣ 5.69 ಚದರ ಕಿಲೋಮೀಟರ್. ಗೆಳೆಯರ ಚೌಕಗಳ ಲೆಕ್ಕದಲ್ಲಿ ಒಂದೂವರೆ ಚೌಕಕ್ಕಿಂತ ಕಡಿಮೆ. ಅಷ್ಟು ಜಾಗದಲ್ಲಿ ಇಡೀ ಒಂದು ಪ್ರಭೇದದ ಭವಿಷ್ಯವಿದೆ ಎಂಬುದನ್ನು ಯೋಚಿಸಿದರೆ, ರಸ್ತೆಯ ಅಗಲ ಎಷ್ಟು ಮೀಟರ್ ಎಂಬುದು ಸಣ್ಣ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹನುಮಂತನ ಭಕ್ತರಿಗೆ ಮೆಟ್ಟಿಲು ಹತ್ತುವುದು ಕಷ್ಟವೆಂಬ ವಾದ ನನಗೆ ವಿಚಿತ್ರವಾಗಿ ಕಂಡಿತು. ಆದರೆ ನನ್ನ ಮಂಡಿಗಳು ಅಂದು ಆ ವಾದದ ಪರವಾಗಿದ್ದವೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಯೇವಲೆ, ವೈಜಾಪುರಗಳ ಮೇಲೆ ಹಾದು ಸಂಭಾಜಿನಗರಕ್ಕೆ ಬಂದೆವು. ಆ ವರ್ಷವೇ ಊರಿನ ಹೆಸರು ಬದಲಾಗಿತ್ತು. ಕೆಲವು ಫಲಕಗಳಲ್ಲಿ ಹೊಸದು, ಕೆಲವು ಅಂಗಡಿಗಳಲ್ಲಿ ಹಳೆಯದು. ಸ್ಥಳನಾಮಗಳ ಮೇಲೆ ಅಧ್ಯಾಯ ಬರೆದವನು ನೋಡಲೇಬೇಕಾದ ದೃಶ್ಯ. ಮುನ್ನೂರು ವರ್ಷಗಳ ನಂತರ ಒಬ್ಬ ಸಂಶೋಧಕ ಈ ಹೆಸರುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಏನೇನು ಸಾಧಿಸಿಯಾನೋ ಎಂದು ದಿಗಿಲಾಯಿತು.

ಅಲ್ಲಿಂದ ಕನ್ನಡಕ್ಕೆ ಒಂದು ಮುಂಜಾನೆಯ ದಾರಿ. ನಿಲ್ದಾಣದಲ್ಲಿ ಬಸ್ಸಿನ ನಿರ್ವಾಹಕ "ಕನ್ನಡ್, ಕನ್ನಡ್, ಕನ್ನಡ್" ಎಂದು ಕೂಗುತ್ತಿದ್ದ. ರಾಜ್ಯೋತ್ಸವದ ದಿನವೂ ನಮ್ಮಲ್ಲಿ ಅಷ್ಟು ನಿರ್ವಿಕಾರವಾಗಿ ಆ ಶಬ್ದವನ್ನು ಯಾರೂ ಉಚ್ಚರಿಸುವುದಿಲ್ಲ. ಊರಿನಲ್ಲಿ ಹತ್ತಿಯ, ಮೆಕ್ಕೆಜೋಳದ ಮಾತು, ಮರಾಠಿಯ ಮಾತು. ಚಹದ ಅಂಗಡಿಯ ಹಿರಿಯರೊಬ್ಬರಿಗೆ, ನಿಮ್ಮ ಊರಿನ ಹೆಸರಿನದೇ ಒಂದು ಭಾಷೆ ಇದೆ, ನಾನು ಅದನ್ನು ಕಲಿಸುವ ಮೇಷ್ಟ್ರು ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, "ಹಾಗಾದರೆ ನಮ್ಮ ಊರಿನ ಹೆಸರನ್ನು ನೀವು ಇಟ್ಟುಕೊಂಡಿರೋ, ನಿಮ್ಮದನ್ನು ನಾವೋ ಮಾಸ್ತರ?" ಎಂದು ಕೇಳಿದರು. ಇಪ್ಪತ್ತಾರು ವರ್ಷಗಳ ಹಿಂದೆ ಮೆಲ್ಲಗೆ ಕೇಳಿಬಂದಿದ್ದ ಪ್ರಶ್ನೆಯ ಎರಡನೆಯ ಭಾಗ ಇದು. ನಾನು ಚಹದ ದುಡ್ಡು ಕೊಟ್ಟು ಎದ್ದೆ.

ಈ ತಾಲ್ಲೂಕಿನ ಪಿತಳಖೋರೆಯ ಬೌದ್ಧ ಗುಹೆಗಳು ಕ್ರಿಸ್ತಪೂರ್ವದವು. ಅಲ್ಲಿನ ದಾನಶಾಸನಗಳು ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿವೆ. ಪ್ರತಿಷ್ಠಾನದ, ಎಂದರೆ ಗೋದಾವರೀ ತೀರದ ಪೈಠಣದ, ಸುಗಂಧದ್ರವ್ಯದ ವ್ಯಾಪಾರಿಯೊಬ್ಬನ ಹೆಸರು ಅವುಗಳಲ್ಲಿ ಬರುತ್ತದೆ. ಊರಿನ ಸುತ್ತ ನೂರಾರು ವರ್ಷಗಳ ಬರೆಹದ ಸಾಕ್ಷ್ಯ ಇರುವಾಗ ಅದನ್ನೆಲ್ಲ ಬದಿಗಿಟ್ಟು ಮೂರು ಅಕ್ಷರದ ಹೆಸರೊಂದನ್ನು ನಿರ್ವಿವಾದವೆಂದು ಕರೆದಿದ್ದೆ. ಗಿಡದವರ ಶಿಸ್ತು ಬೇರೆ. ಹೊಸ ಪ್ರಭೇದವೆಂದು ಹೇಳುವವನು ಒಂದು ಒಣಗಿಸಿದ ಮಾದರಿಯನ್ನು, ಸ್ಥಳ, ದಿನಾಂಕ, ಸಂಗ್ರಹಿಸಿದವನ ಹೆಸರಿನ ಸಮೇತ ಸಸ್ಯಾಗಾರದಲ್ಲಿ ಇಡಲೇಬೇಕು. ಬೇರೆಯವರು ಹೋಗಿ ಅದನ್ನು ತೆರೆದು ನೋಡಬಹುದು. ನನ್ನ ಸಸ್ಯಾಗಾರದಲ್ಲಿ ಇದ್ದದ್ದು ಒಂದು ನಕ್ಷೆ.

ಕನ್ನಡದ ಉತ್ತರಕ್ಕೆ ಔತ್ರಮ್ ಘಾಟು, ಅದರ ಅಕ್ಕಪಕ್ಕ 1986ರಲ್ಲಿ ಘೋಷಿತವಾದ ಗೌತಾಳಾ ಅಭಯಾರಣ್ಯ. ಅರಣ್ಯದ ಹೊರಗೆ, ಒಂದು ಕಲ್ಲುಗುಡ್ಡದ ಇಳಿಜಾರಿನಲ್ಲಿ ಗೆಳೆಯರು ಕಾರು ನಿಲ್ಲಿಸಿದರು. ಮುಳ್ಳುಪೊದೆಯನ್ನು ಸುತ್ತಿಕೊಂಡು ಒಂದು ಬಳ್ಳಿ ಇತ್ತು. ಸೆರೊಪೀಜಿಯ ಬಲ್ಬೋಸ. ಕೋರಮಂಡಲ ತೀರದ ಸಸ್ಯಗಳ ಮೇಲೆ ಬರೆಯುವಾಗ ರಾಕ್ಸ್‌ಬರ್ಗ್ ಹೆಸರಿಟ್ಟ ಈ ಪ್ರಭೇದ ನಮ್ಮ ಬಯಲುಸೀಮೆಯನ್ನೂ ಸೇರಿಸಿ ದೇಶದ ಒಣನಾಡುಗಳಲ್ಲೆಲ್ಲ ಹಬ್ಬಿದೆ. ಅಂಜನೇರಿಯದಕ್ಕೆ ಒಂದು ಬೆಟ್ಟವಾದರೆ ಇದಕ್ಕೆ ಅರ್ಧ ದೇಶ. ಹೂ ಚಿಕ್ಕದು, ಕಂದೀಲು ಅದೇ. ಆಡು ಮೇಯಿಸುತ್ತಿದ್ದ ಮುದುಕರೊಬ್ಬರು ನಮ್ಮ ಕುತೂಹಲವನ್ನು ಕಂಡು ಹತ್ತಿರ ಬಂದರು. ಏನು ಎತ್ತ ಎಂದು ಕೇಳಲಿಲ್ಲ. ಸೊಂಟದ ಕುಡುಗೋಲಿನ ತುದಿಯಿಂದ ಪೊದೆಯ ಬುಡವನ್ನು ಕೆದಕಿ, ಲಿಂಬೆಹಣ್ಣಿನ ಗಾತ್ರದ ಒಂದು ಗೆಡ್ಡೆಯನ್ನು ತೆಗೆದು, ಧೋತರದಿಂದ ಮಣ್ಣೊರಸಿ, ಸಿಪ್ಪೆ ಹೆರೆದು ನನ್ನ ಅಂಗೈಯಲ್ಲಿಟ್ಟರು. ದೂರದಿಂದ ಬಂದವರಿಗೆ ಸತ್ಕಾರ. ಗೆಳೆಯರ ಮುಖ ನೋಡಿದೆ. ಅವರು ದೂರದ ಘಾಟನ್ನು ನೋಡುತ್ತಿದ್ದರು. ತಿಂದೆ. ಹಸಿ ಆಲೂಗಡ್ಡೆಯಂತಿದ್ದು ಕೊನೆಯಲ್ಲಿ ತುಸು ಸಿಹಿ. "ಖರ್ಪುಡಿ" ಎಂದರು ಮುದುಕರು. ಹುಡುಗರಾಗಿದ್ದಾಗ ಮಡಿಲು ತುಂಬ ಆರಿಸುತ್ತಿದ್ದೆವು, ಈಗ ಅರ್ಧ ದಿನ ಹುಡುಕಿದರೆ ಒಂದೋ ಎರಡೋ ಎಂದೂ ಹೇಳಿದರು.

ಕಾರಿನಲ್ಲಿ ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆಮೇಲೆ ಗೆಳೆಯರೇ, "ಮಾದರಿ ತಿಂದುಬಿಟ್ರಿ ಸರ" ಎಂದು ನಕ್ಕರು. ನಗುವಂಥದೇ. ಆದರೆ ಅಂಜನೇರಿಯಲ್ಲಿ ಹುಲ್ಲನ್ನು ನೇವರಿಸಿದ ಕೈಯನ್ನು ನೋಡಿದ್ದ ನನಗೆ, ಇಲ್ಲಿ ಸತ್ಕಾರದ ಕೈಯನ್ನು ತಡೆಯಲು ಬಾಯಿ ಬರಲಿಲ್ಲ. ಈಗ ಮತ್ತೆ ಅಲ್ಲಿಗೆ ಹೋದರೂ ಬರಲಾರದು. ಅರ್ಧ ದೇಶದ ಹರವುಳ್ಳ ಆ ಬಳ್ಳಿಯನ್ನು ಉಳಿಸಿಕೊಳ್ಳಲು ಮೀಸಲು ಪ್ರದೇಶವೆಂದು ಯಾವ ಗುಡ್ಡವನ್ನು ಘೋಷಿಸಬೇಕು? ಮುದುಕರ ಲೆಕ್ಕವನ್ನು, ಮಡಿಲು ತುಂಬ ಇದ್ದದ್ದು ಒಂದೆರಡಕ್ಕೆ ಇಳಿದದ್ದನ್ನು, ಯಾವ ನಕ್ಷೆಯೂ ತೋರಿಸುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮನೆಗಳಲ್ಲಿ ಕನ್ನಡ ಆಡುವ ಅಜ್ಜ ಅಜ್ಜಿಯರನ್ನೂ ಮರಾಠಿಯಲ್ಲಿ ಉತ್ತರಿಸುವ ಮೊಮ್ಮಕ್ಕಳನ್ನೂ ನಾನು ಬಲ್ಲೆ. ಆ ಊರುಗಳು ಹರವಿನ ಗೆರೆಯೊಳಗೇ ಇವೆ. ಗೋದಾವರಿಯ ಆಚೆಯ ಒಂದು ಹೆಸರಿಗಾಗಿ ನಾನು ಪುಟ ತುಂಬಿಸುತ್ತಿದ್ದ ವರ್ಷಗಳಲ್ಲಿ, ಭೀಮೆಯ ದಡದ ಆ ಮನೆಗಳಿಗೆ ಹೋಗಿ ಎಣಿಸಬೇಕೆಂದು ನನಗೆ ಹೊಳೆಯಲಿಲ್ಲ.

ಊರಿಗೆ ಬಂದ ಮೇಲೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನನ್ನ ಮಹಾಪ್ರಬಂಧದ ಪ್ರತಿಯನ್ನು ತೆಗೆಸಿದೆ. ಆ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ 'ಮುಖ್ಯ' ಎಂದು ಬರೆದು ಎರಡು ಗೆರೆ ಎಳೆದಿದ್ದರು. ತಿದ್ದುಪಡಿಯನ್ನು ಪುಟದ ಮೇಲೆಯೇ ಬರೆಯುತ್ತೇನೆಂದಾಗ ಗ್ರಂಥಪಾಲಕರು ಒಪ್ಪಲಿಲ್ಲ. ಸಲ್ಲಿಸಿ ಅಂಗೀಕಾರವಾದ ಪ್ರಬಂಧವನ್ನು ಬರೆದವರೂ ಮುಟ್ಟುವಂತಿಲ್ಲವಂತೆ. ನಿಯಮ ಸರಿಯಾದದ್ದೇ. ಒಂದು ಚೀಟಿಯಲ್ಲಿ, "ಈ ಪುಟದಲ್ಲಿ 'ನಿರ್ವಿವಾದವಾದ ಸಾಕ್ಷಿ' ಎಂದಿರುವಲ್ಲಿ 'ಪರಿಶೀಲಿಸಬೇಕಾದ ಸುಳಿವು' ಎಂದು ಓದಿಕೊಳ್ಳುವುದು. ಲೇಖಕನು ಸ್ಥಳಕ್ಕೆ ಹೋದದ್ದು ಸೆಪ್ಟೆಂಬರ್ 2023ರಲ್ಲಿ" ಎಂದು ಬರೆದು, ಸಹಿ ಮಾಡಿ, ಆ ಪುಟಗಳ ನಡುವೆ ಇಟ್ಟು ಬಂದಿದ್ದೇನೆ. ಚೀಟಿ ಬಿದ್ದುಹೋದೀತೆಂಬ ಭಯದಿಂದ ಅದೇ ಮಾತನ್ನು ಈ ಸಂಪುಟದಲ್ಲಿಯೂ ಅಚ್ಚು ಮಾಡಿಸುತ್ತಿದ್ದೇನೆ.